ಹೊರಟವಳು ಯಾರು

ಯತಿರಾಜನ ಕಂಪನಿ ನೀರಿನ ಮೀಟರುಗಳನ್ನು ಮಾಡುತ್ತಿತ್ತು. ಹದಿನೆಂಟು ವರ್ಷದಿಂದ ಲಾಭದಲ್ಲಿತ್ತು.

ದೊಡ್ಡ ಸ್ಥಾನದಲ್ಲಿರುವ ಶಿಷ್ಯರು ಗುರುಗಳ ಬಳಿ ಬರುವುದು ಸಾಮಾನ್ಯವಾಗಿ ತೀರ್ಮಾನ ಮಾಡಿಯಾದ ಮೇಲೆ. ಅವನೂ ಹಾಗೆಯೇ ಬಂದ.

ನದಿ ದಂಡೆಯ ಆಶ್ರಮದಲ್ಲಿ ಗುರುಗಳು ಜೇನುಪೆಟ್ಟಿಗೆಗಳನ್ನು ಒರೆಸುತ್ತಿದ್ದರು.

"ಗುರುಗಳೇ, ನಮ್ಮಲ್ಲಿ ಒಂದು ಹೊಸ ವಿಭಾಗ ಇದೆ. ಕಿವಿ ಕೇಳದ ಮಕ್ಕಳಿಗೆ ಅಗ್ಗದ ಯಂತ್ರ ಮಾಡುತ್ತಾರೆ. ಇಪ್ಪತ್ತೆರಡು ಜನ. ಈಗಾಗಲೇ ಎರಡು ಸಲ ಸೋತಿದ್ದಾರೆ. ಅದನ್ನು ಬೇರೆ ಕಂಪನಿ ಮಾಡಿ ಹೊರಗೆ ಕಳಿಸೋಣ ಅಂತಿದ್ದೇನೆ."

"ಯಾಕೆ?"

"ನಮ್ಮೊಳಗಿದ್ದರೆ ಪ್ರತಿಯೊಂದಕ್ಕೂ ಹತ್ತು ಸಹಿ ಬೇಕು. ಹೊರಗೆ ಹೋದರೆ ಸ್ವತಂತ್ರವಾಗಿ ಬೆಳೆಯುತ್ತದೆ."

"ಮುಳುಗಿದರೆ?"

"ಮೀಟರಿನ ಕೆಲಸಕ್ಕೆ ಪೆಟ್ಟು ಬೀಳುವುದಿಲ್ಲ."

"ಆ ಯಂತ್ರದ ಯೋಚನೆ ಯಾರದು?"

"ನನ್ನದೇ."

"ಹೊರಗೆ ನಡೆಸುವವರು?"

"ಮೇದಿನಿ ಅಂತ ಒಬ್ಬಳು ಎಂಜಿನಿಯರ್. ಬಂದು ಮೂರು ವರ್ಷವಾಯಿತು."

ಗುರುಗಳು ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ನೇರಳೆ ಮರದ ಕೊಂಬೆಗೆ ಜೇನುಹುಳಗಳು ಗೊಂಚಲಾಗಿ ತೂಗುತ್ತಿದ್ದವು. ಬೆಳಿಗ್ಗೆ ಒಂದು ಪೆಟ್ಟಿಗೆಯ ಗೂಡು ಎರಡು ಪಾಲಾಗಿ, ಅರ್ಧ ಸಂಸಾರ ಹೊರಬಿದ್ದಿತ್ತು.

ಯತಿರಾಜ ನಾಲ್ಕು ಹೆಜ್ಜೆ ಹಿಂದೆ ಸರಿದ.

"ಹೊಟ್ಟೆತುಂಬ ಜೇನು ಕುಡಿದು ಹೊರಟಿವೆ, ಅಷ್ಟು ಬೇಗ ಕಚ್ಚುವುದಿಲ್ಲ," ಎಂದರು ಗುರುಗಳು. "ಇವಕ್ಕೆ ಇನ್ನೂ ಮನೆಯಿಲ್ಲ. ಜೋರು ಮಳೆ ಬಂದರೆ ಉಳಿಯುವುದು ಕಷ್ಟ. ಇವನ್ನು ಕರೆತಂದದ್ದು ಯಾವ ರಾಣಿ ಹೇಳು. ಹಳಬಳೋ, ಹೊಸಬಳೋ?"

"ಹೊಸಬಳೇ ಇರಬೇಕು. ತುಂಬಿದ ಮನೆ ಬಿಟ್ಟು ಹಳಬಳು ಯಾಕೆ ಬರುತ್ತಾಳೆ?"

ಗುರುಗಳು ಬರಿಗೈಯಲ್ಲಿ ಹುಳಗಳನ್ನು ಮೆಲ್ಲನೆ ಸರಿಸಿದರು. ನಡುವೆ ಉದ್ದ ಮೈಯ ರಾಣಿ ಕಂಡಳು. ಅವಳ ರೆಕ್ಕೆಯ ಅಂಚು ಸವೆದು ಹರಿದಿತ್ತು.

"ಹೊಸಬಳು ಪೆಟ್ಟಿಗೆಯಲ್ಲೇ ಇದ್ದಾಳೆ. ಇವಳ ಮಗಳು. ತುಂಬಿದ ಮನೆ ಅವಳಿಗೆ ಬಿಟ್ಟು ಇವಳು ಬಂದಿದ್ದಾಳೆ."

ಯತಿರಾಜ ಆ ಹರಿದ ರೆಕ್ಕೆಯನ್ನೇ ನೋಡಿದ. ಅವನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು.

"ನೀವೂ ಬರುತ್ತೀರಾ ಸಾರ್ ಅಂತ ಮೇದಿನಿ ಕೇಳಿದ್ದಳು," ಎಂದ. "ನಾನು ನಕ್ಕುಬಿಟ್ಟೆ."

ಗುರುಗಳು ಖಾಲಿ ಪೆಟ್ಟಿಗೆಯೊಂದನ್ನು ತಂದು ಕೊಂಬೆಯ ಕೆಳಗಿಟ್ಟರು. ಅದು ಗೊಂಚಲಿಗೆ ಎಟುಕಲಿಲ್ಲ.

"ಆದರೆ ಗುರುಗಳೇ, ನಾನೇ ಹೊರಟುಬಿಟ್ಟರೆ ಅಷ್ಟು ದೊಡ್ಡ ಕಂಪನಿಯ ಗತಿ?"

"ಅಲ್ಲಿ ಜೇನಿದೆ, ನೋಡಿಕೊಳ್ಳುವವರಿದ್ದಾರೆ. ಇಲ್ಲಿ ಕೈ ಸಾಲುತ್ತಿಲ್ಲ. ಬಾ, ಪೆಟ್ಟಿಗೆ ಎತ್ತಿ ಹಿಡಿ."