ಕೊಟ್ರೇಶಿ ದನಿ ಕೊಟ್ಟದ್ದು

ಹರಿಹರದಲ್ಲಿ ಹಾಲಮ್ಮ ಅಂತ ಒಬ್ಬಳು ಮಂಡಕ್ಕಿ ಮೆಣಸಿನಕಾಯಿ ಅಂಗಡಿ ಇಟ್ಟಿದ್ದಳು. ಅವಳಿಗೊಬ್ಬನೇ ಮಗ, ಕೊಟ್ರೇಶಿ. ಅವನಿಗೆ ದನಿ ಕೊಡುವಾಗ ದೇವರು ಕೈ ಬಿಚ್ಚಿ ಕೊಟ್ಟ. ಬುದ್ಧಿ ಕೊಡೋ ಹೊತ್ತಿಗೆ ಊಟಕ್ಕೆ ಎದ್ದುಹೋದ. ಹೋದವನು ತಿರುಗಿ ಬರಲಿಲ್ಲ.

ಮಗ ಬಾಯಿ ತೆರೆದರೆ ಬೀದಿಯೇ ನಿಂತು ಕೇಳಬೇಕು, ಅಂಥ ಕಂಠ. ಎರಡು ಮಾತಾಡಿದರೆ ಬೀದಿಯೇ ನಕ್ಕು ಮುಂದೆ ಹೋಗಬೇಕು, ಅಂಥ ತಲೆ. ಇವನನ್ನು ಯಾರ ಕೈಗೆ ಹಾಕಿ ಸಾಯಲಿ ಅಂತ ಹಾಲಮ್ಮ ಬಾಣಲೆ ಮುಂದೆ ಕೂತು ಕೊರಗುತ್ತಿದ್ದಳು.

ಅದೇ ಬೀದಿಯಲ್ಲಿ ಓಂಕಾರಪ್ಪ ಅಂತ ಒಬ್ಬನಿದ್ದ. ಆಟೋಗೆ ಮೈಕು ಕಟ್ಟಿಕೊಂಡು ಊರೆಲ್ಲ ಜಾಹೀರಾತು ಕೂಗುತ್ತಿದ್ದವನು. ಗಂಟಲಿಗೆ ಆಪರೇಷನ್ ಆಗಿ ಅವನ ದನಿ ಹೋಯಿತು, ಪಿಸುಮಾತಷ್ಟೇ ಉಳಿಯಿತು. ಇನ್ನು ಬೇರೆಯವರ ದನಿಯನ್ನು ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿ ಆಟೋದಲ್ಲಿ ಹಾಕಬೇಕು, ಇಲ್ಲದಿದ್ದರೆ ಅನ್ನವಿಲ್ಲ. ಅವನು ಹಾಲಮ್ಮನ ಹತ್ತಿರ ಬಂದು, ನಿನ್ನ ಮಗನ ಕಂಠ ಕೊಡಮ್ಮಾ ಅಂತ ಪಿಸುಗುಟ್ಟಿದ.

"ಕಂಠದ ಜೊತೆ ತಲೆಯೂ ಬರುತ್ತೆ ಕಣಪ್ಪಾ, ನೋಡಿಕೋ" ಅಂದಳು ಹಾಲಮ್ಮ.

ಓಂಕಾರಪ್ಪನ ಕಂಪ್ಯೂಟರ್ ಹಳೆಯದು. ರೆಕಾರ್ಡಿಂಗಿಗೆ ಒಂದು ಸಾಫ್ಟ್‌ವೇರ್ ಬೇಕು, ಭಾರದ್ದನ್ನ ಇದು ತಡೆಯಲ್ಲ, ಹಗುರವಾದದ್ದು ನೋಡಿ ತಾ ಅಂತ ಕೊಟ್ರೇಶಿಯನ್ನು ಕಳಿಸಿದ. ಕೊಟ್ರೇಶಿ ಮನೆಗೆ ಹೋಗಿ ಈರುಳ್ಳಿ ತೂಗೋ ತಕ್ಕಡಿ ತಗೊಂಡು ಕಂಪ್ಯೂಟರ್ ಅಂಗಡಿಗೆ ಹೋದ. ಅಲ್ಲಿದ್ದ ಡಬ್ಬಿಗಳನ್ನೆಲ್ಲ ಒಂದೊಂದಾಗಿ ತೂಗಿದ. ಎಲ್ಲಕ್ಕಿಂತ ಹಗುರವಾದದ್ದನ್ನು ಆರಿಸಿ ತಂದ. ಬಿಚ್ಚಿದರೆ ಒಳಗೆ ಗಾಳಿ. ಅದು ಅಂಗಡಿಯವನು ಅಂದಕ್ಕೆ ಜೋಡಿಸಿದ್ದ ಖಾಲಿ ಡಬ್ಬಿ.

ಹಾಲಮ್ಮ ಹಣೆ ಚಚ್ಚಿಕೊಂಡಳು. ಸಾಫ್ಟ್‌ವೇರ್ ಏನು ಕಡಲೆಕಾಯೇನೋ ತೂಗೋಕೆ ಅಂತ ಬೈದಳು. "ಏನೇ ತರಬೇಕಾದರೂ ಮೊದಲು ಬಳಸಿ ನೋಡಬೇಕು ಕಣೋ. ಮೈಗೆ ಹಿತವಾದರೆ ತರಬೇಕು."

"ಆಗಲವ್ವ" ಅಂದ ಕೊಟ್ರೇಶಿ.

ಸಾಫ್ಟ್‌ವೇರನ್ನು ಓಂಕಾರಪ್ಪನೇ ಹುಡುಕಿಕೊಂಡ. ಬಿಟ್ಟಿ ಸಿಗೋದೇ ಒಂದಿತ್ತು, ಅವನ ಕೆಲಸಕ್ಕೆ ಸಾಕಾಯಿತು. ಆದರೆ ರೆಕಾರ್ಡಿಂಗ್ ರೂಮಿನಲ್ಲಿ ಮಾತಾಡಿದರೆ ದನಿ ಗೋಡೆಗೆ ಬಡಿದು ವಾಪಸ್ ಬರುತ್ತಿತ್ತು. ಗೋಡೆಗೆ ಹೊದಿಸೋಕೆ ಒಂದು ಹತ್ತಿ ಹಾಸಿಗೆ ತಾ ಅಂದ. ಹೋದ ಕೊಟ್ರೇಶಿ ಮಧ್ಯಾಹ್ನವಾದರೂ ಬರಲಿಲ್ಲ, ಸಂಜೆಯಾದರೂ ಬರಲಿಲ್ಲ. ಹಾಲಮ್ಮ ಹುಡುಕಿಕೊಂಡು ಹೋದರೆ ಹಾಸಿಗೆ ಅಂಗಡಿ ಮುಂದೆ ಜನ ಜಾತ್ರೆ. ಒಳಗೆ ಇವನು ಹಾಸಿಗೆ ಮೇಲೆ ಅಂಗಾತ ಬಿದ್ದು, ಆ ದೇವರು ಕೊಟ್ಟ ಕಂಠದಲ್ಲಿ ಗೊರಕೆ ಹೊಡೆಯುತ್ತಿದ್ದ. ಅಂಗಡಿಯವನು ನೀರು ಎರಚಿ ಎಬ್ಬಿಸಿದರೆ, ಇದು ಹಿತವಾಗಿದೆ, ಪಕ್ಕದ್ದನ್ನೂ ನೋಡ್ತೀನಿ ಅಂತ ಅದರ ಮೇಲೆ ಹೊರಳಿದ.

"ಕೋಣ ಕೂಡ ನಿನಗಿಂತ ವಾಸಿ ಕಣೋ" ಅಂದಳು ಹಾಲಮ್ಮ. "ಸ್ಟುಡಿಯೋಗೆ ಅಂತ ತರಿಸಿದ್ದು ಮಲಗೋಕಲ್ಲ. ತಂದ ಕೂಡಲೇ ಗೋಡೆಗೆ ಮೊಳೆ ಹೊಡೆದು ಕೂರಿಸಬೇಕು."

"ಆಗಲವ್ವ" ಅಂದ ಕೊಟ್ರೇಶಿ.

ಹಾಸಿಗೆ ಗೋಡೆಗೆ ಬಂತು. ಓದಿಸಿ ನೋಡಿದರೆ ಇನ್ನೊಂದು ತೊಡಕು. ಕೊಟ್ರೇಶಿ ಒಂದು ಮಾತು ಗುಡುಗಿದರೆ ಇನ್ನೊಂದು ಗೊಣಗುತ್ತಿದ್ದ. ಅದನ್ನು ಸಮ ಮಾಡೋಕೆ ಕಂಪ್ರೆಸರ್ ಅಂತ ಒಂದಿದೆ, ರೆಕಾರ್ಡಿಂಗ್ ಸಾಫ್ಟ್‌ವೇರಿಗೆ ಸೇರಿಸಿಕೊಳ್ಳೋ ಪ್ಲಗಿನ್. ಅಂಥವು ನೂರೆಂಟು. ದಾವಣಗೆರೆಯಲ್ಲಿದ್ದ ಓಂಕಾರಪ್ಪನ ಅಳಿಯ ಹಲವನ್ನು ಹಾಕಿ ಕೇಳಿ, ಮಾತಿಗೆ ಒಪ್ಪುವಂಥದ್ದೊಂದನ್ನು ಆರಿಸಿ, ಪೆನ್‌ಡ್ರೈವಿಗೆ ತುಂಬಿ ಬಸ್ಸಿನಲ್ಲಿ ಕಳಿಸಿದ. ಕೊಟ್ರೇಶಿ ಅದನ್ನು ಬಸ್‌ಸ್ಟ್ಯಾಂಡಿನಿಂದ ಭದ್ರವಾಗಿ ತಂದ. ತಂದ ಕೂಡಲೇ ಅದರ ನಟ್ಟನಡುವೆ ಮೊಳೆ ಹೊಡೆದು, ಹಾಸಿಗೆ ಪಕ್ಕದಲ್ಲಿ ಗೋಡೆಗೆ ಕೂರಿಸಿದ.

ಓಂಕಾರಪ್ಪನಿಗೆ ಬೈಯೋಕೂ ದನಿಯಿರಲಿಲ್ಲ. ಹಾಲಮ್ಮನ ಅಂಗಡಿಗೆ ಬಂದು ತೂತುಬಿದ್ದ ಪೆನ್‌ಡ್ರೈವನ್ನು ಅವಳ ಮುಂದಿಟ್ಟ. ಅವಳು ಅವನ ಪಾಲಿಗೂ ಸೇರಿಸಿ ಮಗನನ್ನು ಬೈದಳು. ಬೈದು, ಆ ಕಂಪ್ರೆಸರ್ ಮಾಡೋ ಕೆಲಸವಾದರೂ ಏನಪ್ಪಾ ಅಂತ ಕೇಳಿ ತಿಳಿದುಕೊಂಡಳು. "ಕೇಳೋ ಕತ್ತೆ. ಗೋಡೆ ತಂಟೆಗೆ ಹೋಗಬೇಡ. ಜೋರಾಗಿರೋದನ್ನ ಅದುಮಬೇಕು, ಮೆಲ್ಲಗಿರೋದನ್ನ ಎತ್ತಬೇಕು. ಅಷ್ಟೇ ಅದರ ಗುಟ್ಟು."

"ಇಷ್ಟೇನಾ" ಅಂದ ಕೊಟ್ರೇಶಿ.

ಅಳಿಯ ಇನ್ನೊಂದು ಪೆನ್‌ಡ್ರೈವ್ ಕಳಿಸಿದ. ಮಾರನೇ ದಿನ ಸೀರೆ ಅಂಗಡಿಯ ಬಕ್ಕೇಶಪ್ಪ ಬಂದ. ದೀಪಾವಳಿಗೆ ಊರೂರಿಗೆ ಆಟೋ ಬಿಡಿಸೋ ದೊಡ್ಡ ಗಿರಾಕಿ. ಅವನು ಮಾತಾಡಿದರೆ ಸೂರು ಹಾರಬೇಕು. ಓಂಕಾರಪ್ಪ ಪಿಸಪಿಸ ಅಂತ ಉತ್ತರ ಹೇಳುತ್ತಿದ್ದ. ಕೊಟ್ರೇಶಿ ಇಬ್ಬರನ್ನೂ ನೋಡಿದ. ಎದ್ದ. ಬಕ್ಕೇಶಪ್ಪನ ಎರಡೂ ಹೆಗಲು ಹಿಡಿದು ಅದುಮಿದ, ಪ್ಲಾಸ್ಟಿಕ್ ಕುರ್ಚಿ ಕಾಲು ಮುರಿದು ಸಾಹುಕಾರ ನೆಲಕ್ಕೆ ಕೂತ. ಆಮೇಲೆ ಓಂಕಾರಪ್ಪನನ್ನು ಸೊಂಟಕ್ಕೆ ಕೈಹಾಕಿ ಎತ್ತಿ ಹಿಡಿದ. ಮೇಲಿನವನು ಪಿಸುಗುಟ್ಟಿದಷ್ಟೂ ಇನ್ನಷ್ಟು ಎತ್ತಿದ. ಕೆಳಗಿನವನು ಅರಚಿದಷ್ಟೂ ಕಾಲಿನಿಂದ ಅದುಮಿದ.

ಬಿಡಿಸಿಕೊಂಡ ಬಕ್ಕೇಶಪ್ಪ ಹೊರಡೋಕೆ ಚಪ್ಪಲಿ ಹುಡುಕುತ್ತಿದ್ದ. ಹಾಲಮ್ಮ ಓಡಿಬಂದು ಅವನ ಕಾಲು ಹಿಡಿದಳು. ನಾಳೆ ಒಂದು ಸಲ ಅವನ ಓದು ಕೇಳಿ, ಒಪ್ಪದಿದ್ದರೆ ಈ ಕೆಲಸ ಬೇರೆಯವರಿಗೇ ಕೊಡಿ ಅಂದಳು. ಮಗನ ಕಂಠದ ಸುದ್ದಿ ಊರಿಗೇ ಗೊತ್ತಿತ್ತು. ಸಾಹುಕಾರ ಗುರುಗುಟ್ಟುತ್ತಲೇ ಒಪ್ಪಿದ.

ಆವತ್ತು ಹಾಲಮ್ಮ ಬೈಯಲಿಲ್ಲ. ಮಗನ ತಲೆ ಸವರಿ ಹೇಳಿದಳು. "ಯಾರನ್ನೂ ಮುಟ್ಟಬೇಡ ಮಗನೇ. ಬಾಗಿಲು ಹಾಕಿಕೋ. ಮೈಕು ಬಲು ಚುರುಕಂತೆ, ಫ್ಯಾನು ತಿರುಗಿದರೂ ಕೇಳಿಸುತ್ತಂತೆ. ರೂಮಿನಲ್ಲಿ ಯಾವುದು ಗುಂಯ್ ಅಂದರೂ ಆರಿಸಿಬಿಡು. ಆಮೇಲೆ ಓದು."

ಮಾರನೇ ದಿನ ಓಂಕಾರಪ್ಪ ರೆಕಾರ್ಡಿಂಗ್ ಶುರುಮಾಡಿ, ಕೊಟ್ರೇಶಿಯನ್ನು ಒಳಗೆ ಬಿಟ್ಟು ಹೊರಗೆ ಬಂದ. ಹಾಲಮ್ಮ, ಬಕ್ಕೇಶಪ್ಪ, ಅವನು, ಮೂವರೂ ಜಗಲಿಯಲ್ಲಿ ಕೂತರು. ಒಳಗೆ ಫ್ಯಾನಿನ ಸದ್ದು ನಿಂತಿತು. ಆಮೇಲೆ ದನಿ ಬಂತು. ಗುಡುಗಲಿಲ್ಲ, ಗೊಣಗಲಿಲ್ಲ. ಸೀರೆಯ ಬಣ್ಣ ಹೇಳಿದರೆ ಬಣ್ಣ ಕಣ್ಣಿಗೆ ಕಟ್ಟಿತು, ಹಬ್ಬ ಅಂದರೆ ಮನೆ ತುಂಬ ದೀಪ ಹಚ್ಚಿದಂತಾಯಿತು. ಬೀದಿಯಲ್ಲಿ ಹೋಗುವವರು ನಿಂತರು. ಬಕ್ಕೇಶಪ್ಪನೇ ಬಾಯಿಗೆ ಬೆರಳಿಟ್ಟು, ಮಾತಾಡಬೇಡಿ ಅಂತ ಸನ್ನೆ ಮಾಡಿದ. ಹಾಲಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಓದು ಮುಗಿಯಿತು. ಓಂಕಾರಪ್ಪ ಓಡಿಹೋಗಿ ಬಾಗಿಲು ತೆಗೆದ. ಫ್ಯಾನು ನಿಂತಿತ್ತು. ಕಂಪ್ಯೂಟರಿನ ಪರದೆ ಬಾಣಲೆ ತಳದ ಹಾಗೆ ಕಪ್ಪಗಿತ್ತು. ಅದರ ವೈರು ಕೊಟ್ರೇಶಿಯ ಕೈಯಲ್ಲಿತ್ತು.

"ಫ್ಯಾನು ಹೇಳಿದ ಮಾತು ಕೇಳಿತವ್ವ" ಅಂದ ಕೊಟ್ರೇಶಿ. "ಈ ಮುಂಡೇದು ಮಾತ್ರ ಗುಂಯ್ ಅಂತಾನೇ ಇತ್ತು. ಬುಡದಿಂದಲೇ ಕಿತ್ತೆ. ಈಗ ಹಾಕಿ ಕೇಳ್ರಿ, ಒಂದು ಚೂರೂ ಸದ್ದಿರಲ್ಲ."