ಅರಿಸಿನದ ಗುಡ್ಡ, ಹತ್ತು ಹಿಡಿ ಬಿಳಿಗಾರ

"ಬುದ್ಧಿ, ಸಾವಿರ ಪದ್ಯ ನನ್ನ ನಾಲಗೆಯ ತುದಿಯಲ್ಲಿವೆ. ಕೊಟ್ರಯ್ಯನಿಗೆ ನೂರೂ ಬಾರವು, ಇರುವುದು ಬರೀ ಕೊರಳು. ಆದರೂ ಪುರಾಣ ಹೇಳಲು ಜನ ಅವನನ್ನೇ ಕರೆಯುತ್ತಾರಲ್ಲ, ಏಕೆ?"

ಮಠದ ಶಿಷ್ಯ ಮರುಳಯ್ಯ ಹೀಗೆ ಕೇಳಿದ. ಹಿಂದಿನ ದಿನ ಕೊಟ್ರಯ್ಯ ಪುರಾಣಕ್ಕೆ ಕೂತಾಗ ಕೊಟ್ಟಿಗೆಯ ಎಮ್ಮೆಗಳೂ ಮೆಲುಕು ನಿಲ್ಲಿಸಿ ಕೇಳಿದವೆಂದು ಊರೆಲ್ಲ ಮಾತಾಗಿತ್ತು.

ಗುರು ಅವನನ್ನು ಕೂರಿಸಿಕೊಂಡು ಹೇಳಿದರು.

ಒಬ್ಬ ಕುಂಕುಮ ಮಾಡುವವನಿದ್ದ. ಕುಂಕುಮಕ್ಕೆ ಅರಿಸಿನ ಬೇಕು, ನಿಂಬೆರಸ ಬೇಕು, ಬಿಳಿಗಾರವೆಂಬ ಬಿಳಿಯ ಪುಡಿ ಬೇಕು. ಒಂದು ಸೇರು ಅರಿಸಿನ ಕೆಂಪಾಗಲು ಒಂದು ಹಿಡಿ ಬಿಳಿಗಾರ. ಅದು ಆ ಕಸುಬಿನ ಲೆಕ್ಕ.

ಪಕ್ಕದ ಮನೆಯವನದೂ ಅದೇ ಕಸುಬು. ಅರಸನ ಮಗಳ ಮದುವೆಗೆ ನೂರು ಸೇರು ಕುಂಕುಮ ಬೇಕೆಂದು ಡಂಗುರವಾಯಿತು. ಒಪ್ಪಿಸಿದವನು ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ ಅರಮನೆಯ ಕುಂಕುಮದವನು. ಆ ಹೆಸರು ಪಕ್ಕದವನ ಪಾಲಾದೀತೆಂದು ಇವನಿಗೆ ಅನ್ನ ಸೇರಲಿಲ್ಲ. ಸುತ್ತಲ ಸೀಮೆಯ ಅರಿಸಿನವನ್ನೆಲ್ಲ ತಂದು ಅಂಗಳದಲ್ಲಿ ಸುರಿದ. ಗುಡ್ಡವೇ ಎದ್ದಿತು. ಅದರ ಮೇಲೆ ಹಾರಿದ ಕಾಗೆ ಹಳದಿಯಾಯಿತು. ಕಾಗೆಯೇನು, ಮುಂದೆ ಅದರ ಮರಿಗಳೂ ಹಳದಿಯಾಗಿಯೇ ಹುಟ್ಟಿದವು!

ಬಿಳಿಗಾರ ಮಾತ್ರ ಅವನ ಬಳಿ ಹತ್ತೇ ಹಿಡಿ. ಹತ್ತು ಸೇರು ಕೆಂಪಾಯಿತು. ಮೇಲೆ ಇನ್ನಷ್ಟು ಅರಿಸಿನ ಸುರಿದ, ಕಲಸಿದ, ತೋಳು ಸೋಲುವ ತನಕ ತಿಕ್ಕಿದ. ಸುರಿದದ್ದು ಹಳದಿಯಾಗಿಯೇ ಉಳಿಯಿತು. ಕೆಂಪಾಗಿದ್ದನ್ನೂ ಮಂಕು ಮಾಡಿತು.

ಆಗ ಪಕ್ಕದವನು ಬೇಲಿಯ ಹತ್ತಿರ ಬಂದ.

"ಅಣ್ಣಾ, ನನ್ನ ಮನೆಯಲ್ಲಿ ಬಿಳಿಗಾರ ನೂರು ಹಿಡಿ ಇದೆ. ಅರಿಸಿನ ಒಂದು ಕೊಂಬೂ ಸಿಗಲಿಲ್ಲ, ಎಲ್ಲ ನಿನ್ನ ಅಂಗಳದಲ್ಲೇ ಇದೆ. ಒಂದೇ ಕೊಪ್ಪರಿಗೆಯಲ್ಲಿ ಕಲಸೋಣ ಬಾ, ಇಬ್ಬರೂ ಅರಮನೆಯವರಾಗೋಣ."

"ಓಹೋ! ಅರಿಸಿನ ನನ್ನದು, ಹೆಸರು ನಿನ್ನದೋ? ನಿನ್ನ ಬಿಳಿಗಾರವನ್ನು ನಿನ್ನ ಗೋಡೆಗೇ ಬಳಿದುಕೋ, ಹೋಗಯ್ಯಾ!"

ಮದುವೆಯ ದಿನ ಯಾವುದೋ ಹೊರಸೀಮೆಯ ಕುಂಕುಮ ಅರಮನೆಯ ಬಾಗಿಲು ದಾಟಿತು. ಅರಿಸಿನದ ಗುಡ್ಡಕ್ಕೆ ಹುಳ ಬಿತ್ತು.

ಮರುಳಯ್ಯ ತೊಡೆ ತಟ್ಟಿಕೊಂಡು ನಕ್ಕ. "ಎಂಥ ಮೂಢ, ಬುದ್ಧಿ! ಅರಿಸಿನವನ್ನು ಎಷ್ಟು ಸುರಿದರೇನು? ಕಡಿಮೆಯಾಗಿದ್ದದ್ದು ಬೇಲಿಯ ಆಚೆಗೇ ಇತ್ತಲ್ಲ! ಕರೆದವನ ಜೊತೆ ಹೋಗಬಾರದಿತ್ತೇ?"

ಗುರು ಬಾಗಿಲ ಕಡೆ ನೋಡಿದರು. "ನಿನ್ನಿಂದ ಪದ್ಯ ಹೇಳಿಸಿಕೊಳ್ಳಬೇಕೆಂದು ಕೊಟ್ರಯ್ಯ ಬೆಳಗಿನಿಂದ ಹೊರಗೆ ಕೂತಿದ್ದಾನೆ, ಒಳಗೆ ಕರೆಯಲೇ?"

ಮರುಳಯ್ಯನ ನಗೆ ಅಲ್ಲಿಗೇ ನಿಂತಿತು.