ಕೇಳಿದ್ದಕ್ಕೆ ಉತ್ತರ

ಹೊಳೆ ದಂಡೆಯ ಒಂದು ಊರಿನಲ್ಲಿ ಗಾಳೆಮ್ಮ ಎಂಬ ಸೂಲಗಿತ್ತಿ ಇದ್ದಳು. ಸುತ್ತಲ ಏಳು ಹಳ್ಳಿಗಳಲ್ಲಿ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು. ಅವಳ ಕೈ ಬಲು ಮೆದು. ಬಾಯಿ ಮಾತ್ರ ಹಾಗಲ್ಲ.

ಒಂದು ಬೆಳಿಗ್ಗೆ ಆಚೆ ದಡದ ಅಂಬಿಗ ಜಂಬಣ್ಣ ಏದುಸಿರು ಬಿಡುತ್ತ ಅವಳ ಮನೆಗೆ ಓಡಿಬಂದ. ಅವನ ಒಬ್ಬಳೇ ಮಗಳು ಹುಲಿಗೆವ್ವ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ನಸುಕಿನಿಂದ ನೋವು ತಿನ್ನುತ್ತಿದ್ದಳು. ಗಾಳೆಮ್ಮ ಒಂದು ಮಾತೂ ಆಡದೆ ತನ್ನ ಗಂಟನ್ನು ಕಂಕುಳಲ್ಲಿಟ್ಟುಕೊಂಡು ಅವನ ಹಿಂದೆಯೇ ಹೊಳೆಗೆ ಬಂದಳು.

ದಡದ ಮರಳಿನ ಮೇಲೆ ಎಳೆದಿಟ್ಟ ಜಂಬಣ್ಣನ ಹರಿಗೋಲು ನಿಂತಿತ್ತು. ಬಿದಿರಿನ ದೊಡ್ಡ ಬುಟ್ಟಿಗೆ ಹೊರಗಿನಿಂದ ಗೋಣಿತಟ್ಟು ಹೊದಿಸಿ ಡಾಂಬರು ಬಳಿದ ದುಂಡನೆಯ ದೋಣಿ ಅದು. ಆಚೆ ಊರಿನ ಸಂತೆಗೆ ಹೊರಟ ಮೂವರು ಆಗಲೇ ಹತ್ತಿ ಕೂತಿದ್ದರು. ಗಾಳೆಮ್ಮ ನಿಂತಳು. ಬೇಸಿಗೆಯ ಎರಡು ತಿಂಗಳು ಈ ಹರಿಗೋಲು ಆಚೆ ದಡದಲ್ಲಿ ಬಿಸಿಲಿಗೆ ಒಣಗುತ್ತ ಬಿದ್ದಿದ್ದನ್ನು ಅವಳು ನೀರಿಗೆ ಬಂದಾಗಲೆಲ್ಲ ಕಂಡಿದ್ದಳು. ಈಗ ನೋಡಿದರೆ ಹೊಳೆಗೆ ಹೊಸ ನೀರು ಬಂದಿತ್ತು.

“ಜಂಬಣ್ಣ, ಐದು ಮಂದಿ ಕುಂತರ ಇದರೊಳಗ ನೀರು ಬರ್ತೈತೋ ಇಲ್ಲೋ?”

“ಯವ್ವಾ, ನಮ್ಮಪ್ಪ, ನಮ್ಮಜ್ಜ ಇದ ಹೊಳಿಯಾಗ ಹುಟ್ಟು ಹಾಕಿದವರು. ಒಬ್ಬರನ್ನಾದರೂ ಮುಳುಗಿಸ್ಯಾರೇನು?”

“ನಿಮ್ಮಜ್ಜ ದೊಡ್ಡಾಂವ, ಒಪ್ಪಿದೆ. ನಾ ಕೇಳಿದ್ದು ಹರಿಗೋಲಿನ ಸುದ್ದಿ.”

“ಮತ್ತ ಇಷ್ಟು ಮಂದಿ ಹತ್ತಿ ಕುಂತಾರಲ್ಲ, ಇವರಿಗೆ ಜೀವದ ಆಸೆ ಇಲ್ಲೇನು?”

ಗಾಳೆಮ್ಮ ಕೂತವರನ್ನೇ ವಿಚಾರಿಸಿದಳು. ಮೂರನೆಯವನು ಎರಡನೆಯವನನ್ನು ನೋಡಿ ಹತ್ತಿದ್ದ. ಎರಡನೆಯವನು ಮೊದಲನೆಯವನನ್ನು ನೋಡಿ ಹತ್ತಿದ್ದ. ಮೊದಲನೆಯವನು, “ಕಾಲು ನೋಯಾಕತ್ತಿದ್ವು, ಕುಂತೆ” ಎಂದ.

ಜಂಬಣ್ಣನಿಗೆ ಸಿಟ್ಟು ನೆತ್ತಿಗೇರಿತು. “ಈಜಾಕ ಬರದಾಕಿ ನೀನು. ಹರಿಗೋಲಿನ ವಿಷಯ ನಿನಗೇನು ತಿಳಿತೈತಿ?”

“ಈಜಾಕ ಬರಂಗಿಲ್ಲ. ಅದಕ್ಕ ಕೇಳಾಕತ್ತೀನಿ.”

ಅಷ್ಟರಲ್ಲಿ ದಡದ ಮೇಲೆ ಹೂ ಮಾರುತ್ತಿದ್ದ ಸಿದ್ಲಿಂಗ ಅವಳ ಪರವಾಗಿ ಬಾಯಿ ಹಾಕಿದ. “ಹತ್ತಬ್ಯಾಡವ್ವಾ! ಮೊನ್ನೆ ಇಂವ ಕುಡಿದು ಇಲ್ಲೇ ಬಿದ್ದಿದ್ದ. ಕುಡುಕನ ಹರಿಗೋಲು ಸೋರದ ಇರ್ತೈತೇನು?”

“ಕುಡಿದಾಂವ ಜಂಬಣ್ಣ. ಹರಿಗೋಲು ಕುಡಿದಿಲ್ಲ. ನೀ ಸುಮ್ಮನಿರು” ಎಂದಳು ಗಾಳೆಮ್ಮ. ತನ್ನ ಕಡೆಯ ಮಾತು ಎಂದ ಮಾತ್ರಕ್ಕೆ ಸೊಟ್ಟ ಮಾತನ್ನು ಒಪ್ಪುವ ಹೆಂಗಸಲ್ಲ ಅವಳು.

ಜಂಬಣ್ಣನ ಕಣ್ಣಲ್ಲಿ ನೀರು ತುಂಬಿತು. “ಈಗ ಹತ್ತು, ಇಲ್ಲಾ ನನ್ನ ಮಗಳನ್ನ ಸಾಯಾಕ ಬಿಡು. ಎರಡ ದಾರಿ ಐತಿ ನೋಡು!”

ಈ ಮಾತು ಗಾಳೆಮ್ಮನ ಎದೆಗೆ ನಾಟಿತು. ಆಚೆ ದಡದಲ್ಲಿ ಒಂದು ಹೆಣ್ಣುಜೀವ ಒದ್ದಾಡುತ್ತಿದೆ, ತಾನು ಇಲ್ಲಿ ವಾದ ಮಾಡುತ್ತ ನಿಂತಿದ್ದೇನೆ ಎಂದು ಅವಳಿಗೆ ತನ್ನ ಮೇಲೆಯೇ ನಾಚಿಕೆಯಾಯಿತು. ಹತ್ತಲೆಂದು ಒಂದು ಕಾಲು ಎತ್ತಿಯೂ ಬಿಟ್ಟಳು. ಆಮೇಲೆ ತಡೆದಳು. ತಾನು ನಡು ಹೊಳೆಯಲ್ಲಿ ಮುಳುಗಿದರೆ ಹುಲಿಗೆವ್ವನ ಕೈ ಹಿಡಿಯುವವರು ಯಾರು? ಅದೂ ಅಲ್ಲದೆ, ಇರುವುದು ಎರಡೇ ದಾರಿ ಎಂದವನು ಜಂಬಣ್ಣ. ನೋಡಿ ಹತ್ತುವುದು ಎಂಬ ಮೂರನೆಯದೂ ಇತ್ತು.

“ಇಳೀರಿ ಎಲ್ಲಾರೂ. ನೋಡಾಕ ಎಷ್ಟು ಹೊತ್ತು ಬೇಕು?”

“ಈಗಷ್ಟ ಇದರಾಗ ಬಂದೀನಿ, ಯವ್ವಾ. ಒಂದು ಹನಿ ನೀರು ಬರಲಿಲ್ಲ!”

ಇದು ಹರಿಗೋಲಿನ ಬಗ್ಗೆ ಅವನು ಆಡಿದ ಮೊದಲ ಮಾತು. ಗಾಳೆಮ್ಮ ಅದನ್ನು ತಳ್ಳಿಹಾಕಲಿಲ್ಲ. ಬಗ್ಗಿ ಹರಿಗೋಲಿನ ಹೊರಮೈ ನೋಡಿದಳು. ತಳದಿಂದ ಒಂದು ಗೇಣು ಎತ್ತರದವರೆಗೆ ಮಾತ್ರ ಒದ್ದೆಯಾಗಿತ್ತು. ಮೇಲೆಲ್ಲ ಒಣಗಿ ಬಿರುಕು ಬಿಟ್ಟಿತ್ತು.

“ನೀ ಒಬ್ಬಾಂವ ಬಂದಿ. ಒದ್ದಿ ಇಲ್ಲೀತನಕ ಐತಿ. ಐದು ಮಂದಿ ಕುಂತರ ಎಲ್ಲೀತನಕ ಮುಳುಗತೈತಿ?”

ಜಂಬಣ್ಣ ಹತ್ತಿ ಕೂತವರನ್ನು ತಾನೇ ಕೈ ಹಿಡಿದು ಇಳಿಸಿದ.

ನಾಲ್ಕು ಜನ ಸೇರಿ ಹರಿಗೋಲನ್ನು ಕವುಚಿ ತಲೆಯ ಮೇಲೆ ಎತ್ತಿ ಹಿಡಿದರು. ಅಂಬಿಗರು ಮಳೆಗಾಲಕ್ಕೆ ಮುಂಚೆ ಹೀಗೆ ಬಿಸಿಲಿಗೆ ಹಿಡಿದೇ ತೂತು ಹುಡುಕುತ್ತಾರೆ. ಮಗಳ ಚಿಂತೆಯಲ್ಲಿ ಜಂಬಣ್ಣ ಈ ಸಲ ಅದನ್ನು ಮರೆತಿದ್ದ. ಒಳಗೆ ನಿಂತು ಕತ್ತೆತ್ತಿದರೆ ತಳವೆಲ್ಲ ಕಪ್ಪಗೆ ಗಟ್ಟಿಯಾಗಿತ್ತು. ಒದ್ದೆ ಗೆರೆಯಿಂದ ಆಚೆ ಏಳೆಂಟು ಕಡೆ ಬೆಳಕು ಚುಕ್ಕಿ ಚುಕ್ಕಿಯಾಗಿ ತೂರುತ್ತಿತ್ತು. ಒಂದು ಕಡೆಯಂತೂ ಬೆರಳುದ್ದ ಸೀಳಿತ್ತು. ಜಂಬಣ್ಣ ಆ ಸೀಳಿಗೆ ಬೆರಳಿಟ್ಟು ನೋಡಿದ.

ಸಿದ್ಲಿಂಗ ಚಹದಂಗಡಿಯಿಂದ ಕೆಂಡ ತಂದ. ಹರಿಗೋಲಿನಲ್ಲೇ ಇದ್ದ ಡಾಂಬರಿನ ಡಬ್ಬಿ ಕಾಯಿಸಿದರು. ಗಾಳೆಮ್ಮ ತನ್ನ ಗಂಟಿನಿಂದ ಒಂದು ಹಳೇ ಬಟ್ಟೆ ತೆಗೆದು ಹರಿದುಕೊಟ್ಟಳು. ಎರಡು ಸಲ ಎಲೆಅಡಿಕೆ ಮೆಲ್ಲುವಷ್ಟರಲ್ಲಿ ತೇಪೆ ಹಾಕಿ ಮುಗಿಯಿತು. ಸಂತೆಯವರು ಮುಂದಿನ ಸರದಿಗೆ ಕಾಯುತ್ತೇವೆಂದು ತಾವಾಗಿಯೇ ಹಿಂದೆ ಸರಿದರು. ಇಬ್ಬರೇ ಹೊರಟರು.

ನಡು ಹೊಳೆಯಲ್ಲಿ ಜಂಬಣ್ಣ ಹುಟ್ಟು ಹಾಕುತ್ತಲೇ ಹೇಳಿದ. “ನಾ ಸುಳ್ಳು ಹೇಳಲಿಲ್ಲ, ಯವ್ವಾ.”

“ಇಲ್ಲಪ್ಪಾ. ಆದರ ಕೇಳಿದ್ದಕ್ಕ ಉತ್ತರಾನೂ ಹೇಳಲಿಲ್ಲ.”

ಹೆರಿಗೆ ಸುಲಭದ್ದಾಗಿರಲಿಲ್ಲ. ಜಂಬಣ್ಣ ಹೊಸ್ತಿಲಾಚೆ ಕೂತು ಎದ್ದು, ಕೂತು ಎದ್ದು ಮಾಡಿದ. ಸೂರ್ಯ ನೆತ್ತಿಗೆ ಬಂದಾಗ ಒಳಗಿನಿಂದ ಎಳೆಯ ಅಳು ಕೇಳಿಸಿತು. ಸ್ವಲ್ಪ ಹೊತ್ತಿಗೆ ಗಾಳೆಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

“ಯವ್ವಾ, ನನ್ನ ಮಗಳು ಹ್ಯಾಂಗದಾಳ?”

“ಮೊಮ್ಮಗಳು ಬಂದಾಳಪ್ಪಾ. ನಿನ್ನ ಹಂಗ ಮೂಗು, ನಿನ್ನ ಹಂಗ ಗಂಟಲು!”

ಜಂಬಣ್ಣನ ಮುಖ ಒಂದು ಗಳಿಗೆ ಅರಳಿತು. ಕೂಡಲೇ ಅವನು ಎದ್ದು ನಿಂತ.

“ನಾ ಅದನ್ನ ಕೇಳಲಿಲ್ಲವ್ವಾ. ನನ್ನ ಮಗಳು ಹ್ಯಾಂಗದಾಳ?”

ದಣಿದಿದ್ದ ಗಾಳೆಮ್ಮನ ಮುಖದಲ್ಲಿ ನಗು ಮೂಡಿತು. “ಚಲೋ ಅದಾಳ. ರಕ್ತ ನಿಂತೈತಿ, ಗಂಜಿ ಕುಡಿದಾಳ. ಬಾ, ನಿನ್ನ ಕಣ್ಣಿಲೆ ನೋಡು” ಎಂದು ಬಾಗಿಲಿನಿಂದ ಸರಿದು ನಿಂತಳು.

ನೀತಿ: ಹಿರಿಯರ ಹೆಸರು, ಹತ್ತು ಜನರ ಒಪ್ಪಿಗೆ, ಕೇಳಿದವರ ಹೀಯಾಳಿಕೆ, ಕಣ್ಣೀರು, ಅವಸರ, ಇವು ಯಾವುವೂ ಕೇಳಿದ ಪ್ರಶ್ನೆಗೆ ಉತ್ತರವಲ್ಲ. ಒಂದು ಸಲ ನಡೆದದ್ದು ಪ್ರತಿ ಸಲವೂ ನಡೆಯುತ್ತದೆ ಎಂದೂ ಅಲ್ಲ. ಮಾತು ನಮ್ಮ ಪರವಾಗಿದ್ದರೂ, ನಮ್ಮ ವಿರುದ್ಧವಾಗಿದ್ದರೂ, ಕೇಳಿದ್ದಕ್ಕೇ ಉತ್ತರ ಬಂತೇ ಎಂದು ನೋಡಿಯೇ ಒಪ್ಪಬೇಕು.